ಗೇಮಿನ ಡಿಎಲ್‌ಸಿಗೆ ದುಡ್ಡು ಕೊಡಬೇಕೆ?

ಗೇಮ್ ಕೊಂಡ ಮೇಲೂ ಡಿಎಲ್‌ಸಿ ಎಂದು ಮತ್ತೆ ದುಡ್ಡು ಕೇಳುತ್ತಾರೆ. ಕೊಡಬೇಕೆ? ಒಳಗೆ ಏನಿದೆ ಎಂದು ಮೊದಲು ನೋಡೋಣ.

2006ರಲ್ಲಿ 'ಆಬ್ಲಿವಿಯನ್' ಗೇಮಿನ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದರು. ಆಟಗಾರರು ಇವತ್ತಿಗೂ ಅದನ್ನು ನೆನೆದು ನಗುತ್ತಾರೆ. 2012ರ 'ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕನ್' ಕಥೆ ಇನ್ನೂ ಸೋಜಿಗ: 12 ಪಾತ್ರಗಳು ಜನ ಕೊಂಡ ಡಿಸ್ಕ್‌ನಲ್ಲೇ ಇದ್ದವು, ಹೆಚ್ಚಿನ ಹಣ ಬರೀ ಬೀಗ ತೆಗೆಸಲು!

ಹಾಗಂತ ಎಲ್ಲವೂ ಮೋಸವಲ್ಲ. 'ದಿ ವಿಚರ್ 3'ಕ್ಕೆ ಬಂದ 'ಬ್ಲಡ್ ಆ್ಯಂಡ್ ವೈನ್' ಹೊಸ ನಾಡು, ಹೊಸ ಕಥೆ ಕೊಟ್ಟಿತು. 2016ರ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ರೋಲ್‌ಪ್ಲೇಯಿಂಗ್ ಗೇಮ್ ಪ್ರಶಸ್ತಿಯೂ ಅದಕ್ಕೇ.

ನಮ್ಮ ಪ್ರಕಾರ, ಮೂಲ ಆಟ ಮುಗಿಸಿ ಇನ್ನೂ ಬೇಕೆನಿಸಿದರಷ್ಟೇ ಕೊಳ್ಳಿ. ಸ್ಟೀಮ್‌ನಲ್ಲಾದರೆ 14 ದಿನದೊಳಗೆ, ಕೊಂಡ ಮೇಲೆ ಮೂಲ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸಾಮಾನ್ಯವಾಗಿ ಹಣ ವಾಪಸ್ ಸಿಗುತ್ತದೆ.