ಸ್ವತಂತ್ರ ತಂತ್ರಾಂಶದ ಬಿಡುಗಡೆ: ಪ್ರಚಾರವನ್ನು ಯೋಜಿಸುವ ಬಗೆ

ಗಣಕಯಂತ್ರವು ಇಂದು ಕಚೇರಿ, ಶಾಲೆ ಹಾಗೂ ಮನೆಗಳಲ್ಲಿ ಸಾಮಾನ್ಯ ಸಾಧನವಾಗಿದೆ. ಅದರಲ್ಲಿ ಪತ್ರ ಬರೆಯಲು, ಲೆಕ್ಕ ಇಡಲು, ಅಂತರಜಾಲವನ್ನು ನೋಡಲು ಬೇಕಾದ ಅನೇಕ ತಂತ್ರಾಂಶಗಳು ಯಾವುದೇ ಬೆಲೆಯಿಲ್ಲದೆ, ಕನ್ನಡದಲ್ಲಿಯೂ ದೊರೆಯುತ್ತವೆ. ಆದರೂ ಅವು ಇವೆಯೆಂಬ ಸಂಗತಿಯೇ ಹಲವರಿಗೆ ತಿಳಿದಿರುವುದಿಲ್ಲ. ಮಾರುವ ಸಂಸ್ಥೆ ಜಾಹೀರಾತಿಗೆ ಹಣ ತೊಡಗಿಸುತ್ತದೆ. ಮಾರಾಟವೇ ಇಲ್ಲದ ತಂತ್ರಾಂಶದ ಪರವಾಗಿ ಜನರಿಗೆ ತಿಳಿಸುವವರು ಅದನ್ನು ಬಳಸುವವರೇ ಆಗಿರುತ್ತಾರೆ. ಆದುದರಿಂದ ಇಂತಹ ಪ್ರಚಾರಕ್ಕೆ ಹಣಕ್ಕಿಂತ ಹೆಚ್ಚಾಗಿ ಸರಿಯಾದ ಯೋಜನೆಯ ಅಗತ್ಯವಿದೆ.

ಸ್ವತಂತ್ರ ತಂತ್ರಾಂಶ ಎಂದರೇನು?

ಬೆಲೆಯಿಲ್ಲದ ತಂತ್ರಾಂಶಗಳೆಲ್ಲವೂ ಸ್ವತಂತ್ರ ತಂತ್ರಾಂಶಗಳಲ್ಲ. ಯಾವುದೇ ಉದ್ದೇಶಕ್ಕೆ ಬಳಸುವ, ಅದು ಕೆಲಸ ಮಾಡುವ ಬಗೆಯನ್ನು ಅಭ್ಯಸಿಸಿ ಮಾರ್ಪಡಿಸುವ, ಪ್ರತಿಗಳನ್ನು ಹಂಚುವ ಹಾಗೂ ಮಾರ್ಪಡಿಸಿದ ಪ್ರತಿಗಳನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳನ್ನು ನೀಡುವಂಥದ್ದು ಸ್ವತಂತ್ರ ತಂತ್ರಾಂಶ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸುವುದರೊಂದಿಗೆ ಈ ಆಂದೋಲನ ಆರಂಭವಾಯಿತು. ಭಾರತ ಸರ್ಕಾರವು 2015ರಲ್ಲಿ ಮುಕ್ತ ಆಕರ ತಂತ್ರಾಂಶಗಳ ಅಳವಡಿಕೆಯ ನೀತಿಯನ್ನು ಪ್ರಕಟಿಸಿತು. ಪ್ರಚಾರದಲ್ಲಿ 'ಉಚಿತ' ಎಂಬ ಒಂದೇ ಪದವನ್ನು ಬಳಸಿದರೆ ಈ ಹಕ್ಕುಗಳ ವಿಚಾರ ಮರೆಯಾಗುತ್ತದೆ; ಉಚಿತವಾದುದು ಕಳಪೆಯಿರಬಹುದೆಂಬ ಶಂಕೆಗೂ ಎಡೆಯಾಗುತ್ತದೆ.

ಫೈರ್‌ಫಾಕ್ಸ್ ನೀಡಿದ ಪಾಠ

ಜಾಲವೀಕ್ಷಕ ತಂತ್ರಾಂಶವಾದ ಫೈರ್‌ಫಾಕ್ಸ್‌ನ ಮೊದಲ ಪೂರ್ಣ ಆವೃತ್ತಿ 2004ರ ನವೆಂಬರ್ 9ರಂದು ಬಿಡುಗಡೆಯಾಯಿತು. ಬಳಕೆದಾರರು ತಾವೇ ದೇಣಿಗೆ ಸಂಗ್ರಹಿಸಿ, ಅದೇ ವರ್ಷದ ಡಿಸೆಂಬರ್ 16ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪುಟಗಳ ಜಾಹೀರಾತು ನೀಡಿದರು. ಅದರಲ್ಲಿ ದೇಣಿಗೆ ಕೊಟ್ಟ ಸುಮಾರು 10,000 ಜನರ ಹೆಸರುಗಳಿದ್ದವು. ಮುಂದೆ 2008ರ ಜೂನ್ 17ರಂದು ಮೂರನೆಯ ಆವೃತ್ತಿ ಬಂದಾಗ, 24 ಗಂಟೆಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಜನರು ಪಡೆದುಕೊಂಡು ಗಿನ್ನೆಸ್ ದಾಖಲೆಯಾಯಿತು. ಆದರೆ ಅದೇ ದಿನ ಆರಂಭದಲ್ಲಿ ಬೇಡಿಕೆಯ ಒತ್ತಡವನ್ನು ತಾಳಲಾರದೆ ವಿತರಣೆಯ ಜಾಲತಾಣಕ್ಕೆ ಅಡಚಣೆಯುಂಟಾಯಿತು. ಬಳಕೆದಾರರ ಉತ್ಸಾಹವೇ ಪ್ರಚಾರದ ಬಂಡವಾಳ ಎಂಬುದು ಮೊದಲನೆಯ ಪಾಠ. ಪ್ರಚಾರವು ಸಿದ್ಧತೆಯನ್ನು ಮೀರಬಾರದು ಎಂಬುದು ಎರಡನೆಯದು.

ಮಲ್ಕಾಜ್‌ಗಿರಿಯಲ್ಲಿ ಯೋಜಿಸುವುದಾದರೆ

ಹೈದರಾಬಾದಿನಲ್ಲಿ 'ಸ್ವೇಚ್ಛಾ' ಸಂಸ್ಥೆಯು ವಿದ್ಯಾರ್ಥಿ ಸ್ವಯಂಸೇವಕರ ನೆರವಿನಿಂದ ತೆಲುಗಿನಲ್ಲಿ ಸ್ವತಂತ್ರ ತಂತ್ರಾಂಶಗಳನ್ನು ರೂಪಿಸಿ ಹರಡುವ ಕಾರ್ಯ ಮಾಡಿದೆ. ಈ ನಗರಕ್ಕೆ ಕನ್ನಡಿಗರ ನಂಟೂ ಹಳೆಯದು. 1956ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ನಗರದ ಮಲ್ಕಾಜ್‌ಗಿರಿಯಂತಹ ಬಡಾವಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಲಿಬ್ರೆ ಆಫೀಸ್ ತಂತ್ರಾಂಶದ ಹೊಸ ಆವೃತ್ತಿಯನ್ನು ಪರಿಚಯಿಸಬೇಕಾಗಿದೆ ಎಂದು ಭಾವಿಸೋಣ. ಪತ್ರ, ಲೆಕ್ಕಪತ್ರ ಮೊದಲಾದವನ್ನು ಸಿದ್ಧಪಡಿಸಲು ನೆರವಾಗುವ ಈ ತಂತ್ರಾಂಶದ ಸೂಚನೆಗಳನ್ನು ಕನ್ನಡದಲ್ಲಿಯೇ ಪಡೆಯಬಹುದು.

ಮೊದಲು ಯಾರಿಗಾಗಿ ಈ ಪ್ರಚಾರ ಎಂಬುದನ್ನು ನಿರ್ಧರಿಸಬೇಕು. ತೆಲುಗು ಪ್ರಧಾನವಾದ ಪ್ರದೇಶದಲ್ಲಿ ಕನ್ನಡ ಓದುಗರು ಚದುರಿಹೋಗಿರುತ್ತಾರೆ. ಬೀದಿಗೋಡೆಯ ಭಿತ್ತಿಪತ್ರಕ್ಕಿಂತ ಕನ್ನಡ ಸಂಘಗಳು ಹಾಗೂ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂತಹ ಸಂಸ್ಥೆಗಳ ಮೂಲಕ ಅವರನ್ನು ತಲುಪುವುದು ಸುಲಭ. ಮನೆಯಲ್ಲಿ ಕನ್ನಡವಾಡಿದರೂ ಶಾಲೆಯಲ್ಲಿ ತೆಲುಗು ಕಲಿತ ಮಕ್ಕಳಿರುತ್ತಾರೆ. ಆದುದರಿಂದ ಕರಪತ್ರವು ಎರಡೂ ಭಾಷೆಗಳಲ್ಲಿರುವುದು ಲೇಸು.

ಎರಡನೆಯದಾಗಿ, ಹೇಳಬೇಕಾದ ಮಾತು ಒಂದೇ ಆಗಿರಬೇಕು. ಹೊಸ ಆವೃತ್ತಿಯ ಐವತ್ತು ವಿಶೇಷಗಳ ಪಟ್ಟಿಗಿಂತ 'ಊರಿಗೆ ಬರೆಯುವ ಪತ್ರವನ್ನು ಕನ್ನಡದಲ್ಲಿಯೇ ಸಿದ್ಧಪಡಿಸಬಹುದು' ಎಂಬ ಒಂದು ವಾಕ್ಯ ಹೆಚ್ಚು ಪರಿಣಾಮಕಾರಿ.

ಮೂರನೆಯದಾಗಿ, ಮಿತಿಗಳನ್ನು ಮುಚ್ಚಿಡಬಾರದು. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಕಡತಗಳು, ಆ ಅಕ್ಷರಗಳಿಲ್ಲದ ಗಣಕದಲ್ಲಿ ಅರ್ಥವಾಗದ ಚಿಹ್ನೆಗಳಂತೆ ಕಾಣುತ್ತವೆ. ಅವುಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಈ ಸಂಗತಿಯನ್ನು ಕರಪತ್ರದಲ್ಲಿ ಮೊದಲೇ ತಿಳಿಸದಿದ್ದರೆ, ತಮ್ಮ ಹಳೆಯ ಬರಹಗಳು ಹಾಳಾದವೆಂದು ಜನರು ಗಾಬರಿಗೊಂಡು ತಂತ್ರಾಂಶವನ್ನೇ ಕೈಬಿಡುತ್ತಾರೆ.

ಕಾಲಸೂಚಿ

ಲಿಬ್ರೆ ಆಫೀಸ್‌ನ ಪ್ರಮುಖ ಆವೃತ್ತಿಗಳು ಸಾಮಾನ್ಯವಾಗಿ ಫೆಬ್ರವರಿ ಹಾಗೂ ಆಗಸ್ಟ್ ತಿಂಗಳುಗಳಲ್ಲಿ ಬರುತ್ತವೆ. ಆದುದರಿಂದ ಎರಡು ತಿಂಗಳ ಮೊದಲೇ ಸಿದ್ಧತೆ ಆರಂಭಿಸಲು ಸಾಧ್ಯ. ಮೊದಲ ತಿಂಗಳಲ್ಲಿ ಸ್ವಯಂಸೇವಕರು ಪ್ರಾಯೋಗಿಕ ಆವೃತ್ತಿಯನ್ನು ತಾವು ಬಳಸಿ ನೋಡಿ, ತಪ್ಪು ಅನುವಾದ ಹಾಗೂ ದೋಷಗಳನ್ನು ರೂಪಿಸುವವರಿಗೆ ತಿಳಿಸಬೇಕು. ಎರಡನೆಯ ತಿಂಗಳಲ್ಲಿ ಕರಪತ್ರ, ಪತ್ರಿಕಾ ಪ್ರಕಟಣೆ ಮತ್ತು ಕಲಿಕೆಯ ಪಾಠಗಳನ್ನು ಸಿದ್ಧಪಡಿಸಬೇಕು. ಬಿಡುಗಡೆಯ ನಂತರದ ಭಾನುವಾರ, ಜನರು ತಮ್ಮ ಗಣಕಗಳನ್ನು ತಂದು ಅಳವಡಿಸಿಕೊಳ್ಳುವ ಶಿಬಿರವನ್ನು ಏರ್ಪಡಿಸಬಹುದು. ಪ್ರತಿವರ್ಷ ಸೆಪ್ಟೆಂಬರ್‌ನ ಮೂರನೆಯ ಶನಿವಾರ ಆಚರಿಸುತ್ತ ಬಂದಿರುವ ತಂತ್ರಾಂಶ ಸ್ವಾತಂತ್ರ್ಯ ದಿನವೂ ಇದಕ್ಕೆ ತಕ್ಕ ಸಂದರ್ಭ.

ಶಿಬಿರದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಅಳವಡಿಸುವ ಮುನ್ನ ಬಳಕೆದಾರರ ಕಡತಗಳ ಪ್ರತಿ ತೆಗೆದಿಡಬೇಕು. ತಂತ್ರಾಂಶವನ್ನು ಅದರ ಅಧಿಕೃತ ಜಾಲತಾಣದಿಂದಲೇ ಪಡೆಯಬೇಕು. ಇದೇ ಹೆಸರಿನ ನಕಲಿ ಪ್ರತಿಗಳಲ್ಲಿ ಹಾನಿಕಾರಕ ತಂತ್ರಾಂಶ ಅಡಗಿರಬಹುದು.

ಬಿಡುಗಡೆಯ ಅನಂತರ

ಬಹುತೇಕ ಯೋಜನೆಗಳು ಬಿಡುಗಡೆಯ ದಿನಕ್ಕೇ ಮುಗಿದುಹೋಗುತ್ತವೆ. ಬಳಕೆದಾರನಿಗೆ ತೊಡಕು ಎದುರಾಗುವುದು ಅನಂತರದ ವಾರದಲ್ಲಿ. ಹಣ ಕೊಟ್ಟು ಕೊಂಡ ತಂತ್ರಾಂಶವಾದರೆ ಮಾರಿದವರನ್ನು ಕೇಳಬಹುದು; ಇಲ್ಲಿ ಕೇಳಲು ಪರಿಚಯಿಸಿದವರೇ ಬೇಕು. ಕರಪತ್ರದಲ್ಲಿ ನೆರವು ದೊರೆಯುವ ಸ್ಥಳ ಹಾಗೂ ಸಮಯವನ್ನು ನಮೂದಿಸಿ, ಕನಿಷ್ಠ ಮೂರು ತಿಂಗಳವರೆಗೆ ಅದನ್ನು ನಡೆಸಿಕೊಡಬೇಕು. ಅದು ಸಾಧ್ಯವಿಲ್ಲದಿದ್ದರೆ ನೂರು ಮನೆಗಳ ಬದಲು ಹತ್ತು ಮನೆಗಳನ್ನು ಆರಿಸಿಕೊಳ್ಳುವುದು ಉತ್ತಮ.

ಯಶಸ್ಸನ್ನು ಅಳೆಯುವಾಗ ಎಷ್ಟು ಪ್ರತಿಗಳು ಹೋದವು ಎಂಬ ಲೆಕ್ಕ ಸಾಲದು. ಸ್ವತಂತ್ರ ತಂತ್ರಾಂಶದ ಒಂದು ಪ್ರತಿಯಿಂದ ಹತ್ತು ಪ್ರತಿಗಳನ್ನು ಮಾಡಿಕೊಳ್ಳಬಹುದು. ಪಡೆದ ಪ್ರತಿಯನ್ನು ಒಮ್ಮೆಯೂ ತೆರೆಯದೆ ಇರಬಹುದು. ಮೂರು ತಿಂಗಳ ಅನಂತರವೂ ಬಳಸುತ್ತಿರುವವರು ಎಷ್ಟು, ಅವರಲ್ಲಿ ನೆರೆಯವರಿಗೆ ಕಲಿಸಿದವರು ಎಷ್ಟು ಎಂಬುದೇ ಸರಿಯಾದ ಅಳತೆ. ಹಾಗೆ ಕಲಿಸಿದವರೇ ಮುಂದಿನ ಬಿಡುಗಡೆಯ ಸ್ವಯಂಸೇವಕರಾಗುತ್ತಾರೆ. ಕನ್ನಡನಾಡಿನ ಹೊರಗೆ ನೆಲೆಸಿದ ಕುಟುಂಬಗಳಲ್ಲಿ ಕನ್ನಡದ ಬರವಣಿಗೆ ಉಳಿದು ಬೆಳೆಯಲು ಇಂತಹ ಪ್ರಯತ್ನಗಳು ನೆರವಾಗಬಲ್ಲವು.