‘ರಿಪೀಟಬಲ್’ ಎಂಬ ಮಾತಿನ ಅರ್ಥ

ಇಂಗ್ಲಿಷಿನಲ್ಲಿ ‘ರಿಪೀಟಬಲ್’ ಎಂಬ ಗುಣವಾಚಕವೊಂದುಂಟು. ನಮ್ಮ ಸಹಪಾಠಿಗಳಲ್ಲಿ ಅನೇಕರು ಅದನ್ನು ‘ಪುನರಾವರ್ತಿತ’ ಎಂದು ಕನ್ನಡಿಸುವುದುಂಟು. ಇದರಿಂದ ಅರ್ಥವೇ ಕೆಡುತ್ತದೆಂದು ತೋರಿಸುವುದು ಈ ಲೇಖನದ ಉದ್ದೇಶ.

‘ಪುನರಾವರ್ತಿತ’ವೆಂದರೆ ಮತ್ತೆ ಮತ್ತೆ ನಡೆದುದು, ಅದು ‘ರಿಪೀಟೆಡ್’. ‘ರಿಪೀಟಬಲ್’ ಎಂದರೆ ಮತ್ತೆ ಮಾಡಲು ಸಾಧ್ಯವಾದುದು. ಸುಳ್ಳೊಂದನ್ನು ನೂರು ಸಲ ಹೇಳಿದರೆ ಅದು ರಿಪೀಟೆಡ್ ಆಯಿತು, ಅಷ್ಟೆ. ಒಂದೇ ಸಲ ಮಾಡಿದ ಪ್ರಯೋಗವಾದರೂ ರಿಪೀಟಬಲ್ ಆಗಿರಬಹುದು. ಹಾಗಾದರೆ ‘ಪುನರಾವರ್ತನೀಯ’ ಎನ್ನಬಾರದೆ? ವ್ಯಾಕರಣದಂತೆ ದೋಷವಿಲ್ಲ. ಆದರೆ ಶ್ಲಾಘನೀಯ, ಖಂಡನೀಯ ಎಂಬಲ್ಲಿ ಹೊಗಳತಕ್ಕದ್ದು, ಖಂಡಿಸತಕ್ಕದ್ದು ಎಂಬ ಅರ್ಥವೇ ನಮಗೆ ರೂಢಿ. ಆದುದರಿಂದ ‘ಮತ್ತೆ ಮಾಡಬಹುದಾದ’ ಎಂಬ ಸರಳ ಕನ್ನಡವೇ ಮೇಲೆಂದು ನನ್ನ ಮತ.

ಮಾಪನಶಾಸ್ತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಬ್ಬನೇ ವ್ಯಕ್ತಿ, ಒಂದೇ ತಕ್ಕಡಿಯಲ್ಲಿ, ಸ್ವಲ್ಪ ಹೊತ್ತಿನೊಳಗೆ ಮರಳಿ ತೂಗಿದಾಗ ತೂಕ ಹೊಂದಿಕೊಂಡರೆ ಅಳತೆ ‘ರಿಪೀಟಬಲ್’. ಬೇರೆಯವರು, ಬೇರೆ ಊರಿನಲ್ಲಿ, ಬೇರೆ ತಕ್ಕಡಿಯಲ್ಲಿ ತೂಗಿದಾಗಲೂ ಹೊಂದಿಕೊಂಡರೆ ಅದು ‘ರಿಪ್ರೊಡ್ಯೂಸಿಬಲ್’. ಎರಡನೆಯದು ಹೆಚ್ಚು ಕಠಿಣವಾದ ಪರೀಕ್ಷೆ.

ಈ ಪರೀಕ್ಷೆಯ ಮುಂದೆ ದೊಡ್ಡ ಹೆಸರೂ ನಡೆಯದು. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಎಂಬ ರಸಾಯನವಿಜ್ಞಾನಿಗಳು, ಮೇಜಿನ ಮೇಲಿನ ಸಾಮಾನ್ಯ ಪಾತ್ರೆಯಲ್ಲಿಯೇ ಪರಮಾಣು ಬೀಜಗಳನ್ನು ಬೆಸೆದು ಶಾಖ ಪಡೆದೆವೆಂದು ಸಾರಿದರು. ಜಗತ್ತು ಬೆರಗಾಯಿತು. ಇತರ ಪ್ರಯೋಗಶಾಲೆಗಳು ಯತ್ನಿಸಿದಾಗ ಆ ಫಲ ನಂಬುವಂತೆ ಕೈಗೆ ಬರಲಿಲ್ಲ. ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ.

ಕಲಾವಿಭಾಗದ ನಮಗೆ ಇದರಿಂದೇನು ಎಂದು ಕೇಳಬಹುದು. 1799ರಲ್ಲಿ ನಡೆದ ಶ್ರೀರಂಗಪಟ್ಟಣದ ಪತನವನ್ನು ಯಾರೂ ಮತ್ತೆ ನಡೆಸಲಾರರು, ನಿಜ. ಆದರೆ ಚರಿತ್ರೆಯಲ್ಲಿ ಘಟನೆ ಮರಳದಿದ್ದರೂ ಆಧಾರಗಳ ಪರಿಶೀಲನೆ ಮರಳಬಹುದು. 1886ರಿಂದ ಹೊರಬರತೊಡಗಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಬಿ. ಎಲ್. ರೈಸರು ಅನುವಾದವನ್ನಷ್ಟೆ ಕೊಡದೆ ಶಾಸನಗಳ ಮೂಲಪಾಠವನ್ನೂ ಅಚ್ಚುಹಾಕಿಸಿದರು. ಅದರಿಂದಲೇ ಮುಂದಿನ ವಿದ್ವಾಂಸರು ಅವರ ಓದನ್ನು ಒರೆಗೆ ಹಚ್ಚಲು, ತಿದ್ದಲು ಸಾಧ್ಯವಾಯಿತು.

ಮನೆತನದಲ್ಲಿ ಮೊದಲಿಗರಾಗಿ ಕಾಲೇಜು ಕಂಡ ನನ್ನಂಥವರು, ಅಚ್ಚಾದುದೆಲ್ಲ ಸತ್ಯವೆಂದು ತಲೆಬಾಗುವುದು ಸಹಜ. ‘ರಿಪೀಟಬಲ್’ ಎಂಬ ಮಾತು ನಮಗೊಂದು ಹಕ್ಕನ್ನು ಕೊಡುತ್ತದೆ: ಹೇಳಿದವರು ಎಷ್ಟೇ ದೊಡ್ಡವರಾಗಲಿ, ‘ಇದನ್ನು ಹೇಗೆ ಕಂಡುಕೊಂಡಿರಿ, ನಾನೂ ನೋಡಬಹುದೆ?’ ಎಂದು ವಿನಯದಿಂದ ಕೇಳಬಹುದು. ನಮ್ಮ ಬರೆಹವನ್ನು ಓದುವವರಿಗೂ ಅದೇ ಹಕ್ಕುಂಟೆಂಬುದನ್ನು ನಾವು ಮರೆಯಬಾರದು.