ಹೋರಿಯ ಗೋಣು ಮತ್ತು ಗ್ವಾದಲಿಯ ಎತ್ತರ

ತೊಗರ್ಸಿಯ ಓದುಗರೊಬ್ಬರು ಬರೆದಿದ್ದಾರೆ: “ಮನೆಯಲ್ಲಿ ಎರಡು ಜರ್ಸಿ ಆಕಳು, ಒಂದು ಹಬ್ಬದ ಹೋರಿ ಇವೆ. ಈ ಸಲ ಬತ್ತವನ್ನು ಮಷಿನ್‌ನಲ್ಲಿ ಕೊಯ್ಸಿ ಹುಲ್ಲನ್ನು ರೋಲ್ ಮಾಡಿಸಿದ್ದೇವೆ. ಹಳೇ ಗ್ವಾದಲಿ ಒಡೆದು ಕಬ್ಬಿಣದ ಸ್ಟ್ಯಾಂಡ್ ಮಾಡಿಸುವ ಯೋಚನೆ ಇದೆ. ಎದೆಯೆತ್ತರಕ್ಕೆ ಮಾಡಿಸಿದರೆ ಹೋರಿಯ ಗೋಣು ನೆಟ್ಟಗಾಗುತ್ತದಂತೆ, ಹೌದೇ?”

ಇಲ್ಲ. ಶಿಕಾರಿಪುರ, ಸೊರಬದ ಕಡೆ ದೀಪಾವಳಿ ಬಂತೆಂದರೆ ಹೋರಿಯ ಗತ್ತಿನ ಬಗ್ಗೆ ಏನೇನೋ ಉಪದೇಶ ಕೇಳಿಬರುತ್ತವೆ, ಇದೂ ಆ ಸಾಲಿಗೆ ಸೇರಿದ್ದು. ಹೋರಿಯ ಗೋಣು ದಪ್ಪಗಾಗುವುದು, ಹಿಣಿಲು ಏಳುವುದು ತಳಿಯಿಂದ, ಹರೆಯಕ್ಕೆ ಬಂದಾಗ ಮೈಯಲ್ಲಿ ಹರಿಯುವ ಗಂಡು ಹಾರ್ಮೋನಿನಿಂದ, ಹೊಟ್ಟೆಗೆ ಬಿದ್ದ ಹಿಂಡಿ–ಹತ್ತಿಕಾಳಿನಿಂದ. ಮೇವನ್ನು ಮೇಲೆ ಕಟ್ಟಿದ ಮಾತ್ರಕ್ಕೆ ಗೋಣು ಬೆಳೆಯುವುದಾದರೆ ಹಲಸಿನ ಸೊಪ್ಪಿಗೆ ಮುಂಗಾಲೆತ್ತಿ ನಿಲ್ಲುವ ನಮ್ಮ ಆಡುಗಳೆಲ್ಲ ಇಷ್ಟು ಹೊತ್ತಿಗೆ ಜಿರಾಫೆಗಳಾಗಬೇಕಿತ್ತು.

ಎತ್ತರದ ಸ್ಟ್ಯಾಂಡ್‌ನಿಂದ ಆಗುವ ನಷ್ಟ ಬೇರೆಯೇ ಇದೆ. ಅದು ಜೊಲ್ಲಿನದು.

ಜೊಲ್ಲೆಂದರೆ ಮೂಗು ಮುರಿಯಬೇಡಿ. ಹಾಲು ಕೊಡುವ ಮಿಶ್ರತಳಿಯ ಆಕಳು ದಿನಕ್ಕೆ 100ರಿಂದ 150 ಲೀಟರ್ ಜೊಲ್ಲು ಸುರಿಸುತ್ತದೆ. ಹೆಚ್ಚುಕಡಿಮೆ ಅಷ್ಟನ್ನೂ ಅದೇ ನುಂಗುತ್ತದೆ, ನಮ್ಮ ಕಣ್ಣಿಗೆ ಬೀಳುವುದು ಬಾಯಂಚಿನ ನಾಲ್ಕು ಎಳೆ ಮಾತ್ರ. ಆ ಜೊಲ್ಲಿನಲ್ಲಿ ಕರಗಿರುವುದು ಅಡುಗೆಮನೆಯ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್. ದಿನದ ಲೆಕ್ಕ ಹಾಕಿದರೆ ಒಂದು ಕಿಲೋಗೂ ಮೀರುತ್ತದೆ! ಆಕಳ ದೊಡ್ಡ ಹೊಟ್ಟೆಯಲ್ಲಿ ಹುಲ್ಲನ್ನು ಹುಳಿಸುವ ಸೂಕ್ಷ್ಮಜೀವಿಗಳು ಹಗಲೂ ರಾತ್ರಿ ಆಮ್ಲ ಉಗುಳುತ್ತಲೇ ಇರುತ್ತವೆ. ಸೋಡಾ ಆ ಆಮ್ಲವನ್ನು ತಣಿಸದೆ ಹೋದರೆ ನಾರು ಕರಗಿಸುವ ಜೀವಿಗಳು ಸಾಯುತ್ತವೆ, ಆಕಳು ಮೇವು ಬಿಡುತ್ತದೆ, ಹಾಲಿನ ಫ್ಯಾಟ್ ಇಳಿಯುತ್ತದೆ. ಡೇರಿಯಲ್ಲಿ ಫ್ಯಾಟ್ ನೋಡಿ ದರ ಕಟ್ಟುವುದರಿಂದ ಜೊಲ್ಲಿಗೂ ಜೇಬಿಗೂ ನೇರ ಸಂಬಂಧ. ತಲೆಯನ್ನು ನೆಲದತ್ತ ಬಾಗಿಸಿ ತಿನ್ನುವ ಆಕಳು ಗೋಣು ನೇರ ಚಾಚಿ ತಿನ್ನುವ ಆಕಳಿಗಿಂತ ಸುಮಾರು ಶೇ. 17ರಷ್ಟು ಹೆಚ್ಚು ಜೊಲ್ಲು ಸುರಿಸುತ್ತದೆ ಎಂಬುದು ಹೈನುಗಾರಿಕೆಯವರು ಬಹುಕಾಲದಿಂದ ಉಲ್ಲೇಖಿಸುವ ಲೆಕ್ಕ. ಕೊಟ್ಟಿಗೆಯಲ್ಲಿ ಪುಕ್ಕಟೆ ಸಿಗುವ ಔಷಧಿ ಇದೊಂದೇ. ಎದೆಯೆತ್ತರದ ಸ್ಟ್ಯಾಂಡ್ ಅದನ್ನೂ ಕಿತ್ತುಕೊಳ್ಳುತ್ತದೆ. ಜೊತೆಗೆ ಮೇಲಿಂದ ಎಳೆದಾಗ ಬತ್ತದ ಹುಲ್ಲಿನ ಧೂಳು, ಸುಂಕು ನೇರ ಕಣ್ಣಿಗೇ ಉದುರುತ್ತವೆ.

ಹಾಗಿದ್ದರೆ ನೆಲದ ಮೇಲೇ ಹಾಕಬಹುದಲ್ಲ ಎನ್ನಬೇಡಿ. ಗುಡ್ಡದಲ್ಲಿ ಮೇಯುವ ದನದ ಕಾಲುಗಳನ್ನು ನೋಡಿದ್ದೀರಾ? ಒಂದು ಮುಂಗಾಲು ಯಾವಾಗಲೂ ಮುಂದಿರುತ್ತದೆ, ಇನ್ನೊಂದು ಹಿಂದೆ. ಹಾಗೆ ಕಾಲು ಕವಲಿಟ್ಟಾಗ ಭುಜ ತಗ್ಗಿ ಮೂತಿ ನೆಲ ಮುಟ್ಟುತ್ತದೆ. ಕೊಟ್ಟಿಗೆಯಲ್ಲಿ ಮುಂದೆ ಗೋಡೆ, ಎರಡು ಮುಂಗಾಲೂ ಜೋಡಿಯಾಗಿರುತ್ತವೆ, ಮೂತಿ ಅಷ್ಟು ಕೆಳಕ್ಕೆ ಹೋಗುವುದಿಲ್ಲ. ಅದಕ್ಕೇ ದನ ನಿಲ್ಲುವ ನೆಲಕ್ಕಿಂತ ಗ್ವಾದಲಿಯ ತಳ ನಾಲ್ಕರಿಂದ ಆರು ಇಂಚು ಎತ್ತರವಿರಬೇಕು. ನಿಮ್ಮ ಹಳೇ ಗ್ವಾದಲಿಯನ್ನು ಒಮ್ಮೆ ಅಳೆದು ನೋಡಿ. ಕಟ್ಟಿದವರು ವಿಜ್ಞಾನ ಓದಿರಲಿಲ್ಲ, ಆದರೆ ದನ ನೋಡಿದ್ದರು. ಬಹಳ ಕಡೆ ತಪ್ಪಿರುವುದು ಮೂಲೆಯಲ್ಲಿ. ಚೌಕ ಮೂಲೆಯಲ್ಲಿ ಹಳಸಿದ ಮೇವು ಕೂತು ನಾರುತ್ತದೆ. ಸಿಮೆಂಟ್ ಮೆತ್ತಿ ಮೂಲೆಯನ್ನು ಗುಂಡಗೆ ಮಾಡಿಸಿ, ಸಾಕು.

ಇನ್ನು ಹುಲ್ಲು ಹಾಳಾಗುವ ವಿಚಾರ. ಆಕಳಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಗಟ್ಟಿಯಾದ ಒಸಡಿನ ದಿಂಡು ಮಾತ್ರ ಇದೆ. ಕಚ್ಚಿ ಕತ್ತರಿಸಲಾಗದ ಕಾರಣ ಅದು ನಾಲಿಗೆಯಿಂದ ಸುತ್ತಿ, ತಲೆ ಜಾಡಿಸಿ ಎಳೆಯುತ್ತದೆ. ಎಳೆದದ್ದರಲ್ಲಿ ಒಂದಿಷ್ಟು ಬಾಯಿಂದ ಜಾರುತ್ತದೆ. ತಲೆ ಒಳಗಿದ್ದರೆ ಗ್ವಾದಲಿಗೆ, ಹೊರಗಿದ್ದರೆ ಸಗಣಿಗೆ. 2003ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದವರು ಇದನ್ನೇ ತೂಕ ಮಾಡಿ ನೋಡಿದರು. ಒಣಹುಲ್ಲಿನ ದೊಡ್ಡ ರೋಲ್‌ಗಳನ್ನು ನಾಲ್ಕು ಬಗೆಯ ಸ್ಟ್ಯಾಂಡ್‌ಗಳಲ್ಲಿಟ್ಟು ಕೆಳಗೆ ಬಿದ್ದು ಹಾಳಾದದ್ದನ್ನು ಹೆಕ್ಕಿದರು. ಆಲಿಕೆಯಂತೆ ಕೆಳಗೆ ಕಿರಿದಾಗುವ ಸ್ಟ್ಯಾಂಡ್‌ನಲ್ಲಿ ಶೇ. 3.5, ಸಾದಾ ಬಳೆಯಾಕಾರದ್ದರಲ್ಲಿ ಶೇ. 6.1, ಗಾಡಿಯ ಮೇಲಿಟ್ಟದ್ದರಲ್ಲಿ ಶೇ. 11.4, ತೊಟ್ಟಿಲು ಮಾದರಿಯದರಲ್ಲಿ ಶೇ. 14.6 ಹಾಳು! ತೊಟ್ಟಿಲಿನ ಎದುರು ಆಕಳುಗಳು ಉಳಿದ ಕಡೆಗಿಂತ ಸುಮಾರು ಮೂರು ಪಟ್ಟು ಹೆಚ್ಚು ಹಾಯ್ದಾಡಿದವು, ನಾಲ್ಕು ಪಟ್ಟು ಹೆಚ್ಚು ಸಲ ತಲೆ ಒಳಗೆ ಹಾಕಿ ಹೊರಗೆ ತೆಗೆದವು. ಪಕ್ಕದವಳು ಹಾಯ್ದರೆ ಇವಳು ಬಾಯಿ ತುಂಬ ಹುಲ್ಲು ಕಚ್ಚಿಕೊಂಡೇ ಹಿಂದೆ ಸರಿಯುತ್ತಾಳೆ, ಆ ಹುಲ್ಲು ಕಾಲಡಿಗೆ ಹೋಗುತ್ತದೆ. ಆದ್ದರಿಂದ ಕಬ್ಬಿಣದ ಸ್ಟ್ಯಾಂಡ್ ಬೇಕೇಬೇಕೆಂದರೆ ಒಳಹೊಕ್ಕ ತಲೆ ನೆಮ್ಮದಿಯಾಗಿ ಅಲ್ಲೇ ನಿಲ್ಲುವಂಥದ್ದನ್ನು ಮಾಡಿಸಿ. ಒಂದೊಂದು ಆಕಳಿಗೆ ಎರಡರಿಂದ ಎರಡೂವರೆ ಅಡಿ ಜಾಗ ಬಿಡಿ.

ರೋಲ್ ಹುಲ್ಲು ಹಾಕುವವರು ಮರೆಯುವುದು ಅದಕ್ಕೆ ಸುತ್ತಿದ ದಾರವನ್ನು. ಪ್ಲಾಸ್ಟಿಕ್ ದಾರವಾದರೆ ಹೊಟ್ಟೆಯಲ್ಲಿ ಗಂಟಾಗಿ ಉಳಿಯುತ್ತದೆ. ತಂತಿ, ಮೊಳೆ ಸೇರಿದ್ದರೆ ಇನ್ನೂ ಕೆಟ್ಟದ್ದು. ಆಕಳು ಅಗಿಯದೆ ನುಂಗುವ ಪ್ರಾಣಿ. ನುಂಗಿದ ಮೊಳೆ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಯ ಮುಂದೆ ವಪೆ, ವಪೆಯ ಆಚೆ ಹೃದಯ. ಚುಚ್ಚಿಕೊಂಡರೆ ಆಕಳು ಬೆನ್ನು ಬಾಗಿಸಿ, ಮೊಣಕೈ ಹೊರಚಾಚಿ ನಿಂತು ನರಳುತ್ತದೆ, ಮೆಲುಕು ನಿಲ್ಲುತ್ತದೆ, ದಿನ ಕಳೆದಂತೆ ಗಂಗೆದೊಗಲಿನಲ್ಲಿ ಬಾವು ಇಳಿಯುತ್ತದೆ. ಇಂಥ ಹೊತ್ತಲ್ಲಿ ನಮ್ಮವರು ದೃಷ್ಟಿ ತಾಗಿದೆ ಎಂದು ಕೊರಳಿಗೆ ಕರಿದಾರ ಕಟ್ಟಿ, ಮೆಣಸಿನಕಾಯಿ ನಿವಾಳಿಸಿ ಮೂರು ದಿನ ಕಳೆಯುತ್ತಾರೆ. ನೆರೆಮನೆಯವರ ಕಣ್ಣಿಗೆ ವಪೆ ತೂತು ಮಾಡುವ ಶಕ್ತಿ ಇಲ್ಲ ಮಹಾರಾಯರೇ, ಎರಡಿಂಚಿನ ಮೊಳೆಗಿದೆ! ಪಶುವೈದ್ಯರು ಬಾಯಿಯ ಮೂಲಕ ಇಳಿಸುವ ಒಂದು ಅಯಸ್ಕಾಂತ ಆ ಹೊಟ್ಟೆಯಲ್ಲೇ ಜೀವನಪೂರ್ತಿ ಕೂತು ಕಬ್ಬಿಣದ ಚೂರುಗಳನ್ನು ಹಿಡಿದಿಡುತ್ತದೆ. ಇದು ಎಷ್ಟೋ ದೇಶಗಳ ಡೇರಿಗಳಲ್ಲಿ ಮಾಮೂಲಿ.

ಮೇವು ಕತ್ತರಿಸುವ ಯಂತ್ರ ಕೊಂಡರೆ ಒಳ್ಳೆಯದೇ. ಕತ್ತರಿಸಿದ ಹುಲ್ಲನ್ನು ಆಕಳು ಆರಿಸಿ ಬಿಸಾಡಲಾರದು, ಮೆಕ್ಕೆಜೋಳದ ದಂಟಂತೂ ಕತ್ತರಿಸದೆ ಹಾಕಿದರೆ ಅರ್ಧ ಉಳಿಯುತ್ತದೆ. ಆದರೆ ಹಿಟ್ಟಿನಷ್ಟು ಸಣ್ಣ ಮಾಡಬೇಡಿ. ಒಂದೆರಡು ಇಂಚಿನ ತುಂಡಿದ್ದರೇ ಮೆಲುಕು ಚೆನ್ನಾಗಿ ಬರುವುದು, ಮೆಲುಕು ಬಂದರೇ ಜೊಲ್ಲು.

ಕೊನೆಗೆ ಹೋರಿಯ ಮಾತು. ಹೊರದೇಶದ ಸ್ಟ್ಯಾಂಡ್‌ಗಳ ಚಿತ್ರ ನೋಡಿ ವೆಲ್ಡಿಂಗ್ ಅಂಗಡಿಯವರಿಗೆ ಹಾಗೇ ಮಾಡಿಕೊಡಿ ಎನ್ನಬೇಡಿ. ಆ ದೇಶಗಳ ಬಹುಪಾಲು ದನಗಳಿಗೆ ಕೊಂಬಿರುವುದಿಲ್ಲ, ಕರುವಿದ್ದಾಗಲೇ ಸುಟ್ಟಿರುತ್ತಾರೆ ಅಥವಾ ತಳಿಯೇ ಬೋಳು. ಹಳ್ಳಿಕಾರ್ ಹೋರಿಯ ಉದ್ದ ಕೊಂಬಿನ ತಲೆ ಆ ಇಕ್ಕಟ್ಟು ಸರಳುಗಳೊಳಗೆ ತೂರುವುದೇ ಕಷ್ಟ. ತೂರಿದರೂ ಹೊರಗೆಳೆಯುವಾಗ ಕೊಂಬು ಸಿಕ್ಕಿ ಬುಡಕ್ಕೇ ಪೆಟ್ಟಾಗುತ್ತದೆ. ಹೋರಿ ನಿಲ್ಲುವ ಜಾಗದಲ್ಲಿ ಮೇಲಿನ ಅಡ್ಡಪಟ್ಟಿ ತೆಗೆಸಿ, ಬರೀ ನೆಟ್ಟಗಿನ ಕಂಬಗಳನ್ನು ಉಳಿಸಿ. ಹೋರಿ ತಲೆಯನ್ನು ಮೇಲಿಂದಲೇ ಇಳಿಸಿ, ತಿಂದು, ಮೇಲಿಂದಲೇ ಎತ್ತಿಕೊಳ್ಳುತ್ತದೆ.